ಒನಕೆ ಕೆಳಗಿಟ್ಟ ಮೇಲೆ

ನವಣೆ, ಸಾಮೆ, ಹಾರಕ, ಊದಲು, ಕೊರಲೆ ನಮ್ಮ ತಟ್ಟೆಯಿಂದ ಮಾಯವಾದದ್ದೇಕೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಹಸಿರು ಕ್ರಾಂತಿಯಾಯಿತು, ನಾಲೆ ನೀರು ಹರಿಯಿತು, ರೇಷನ್ ಅಂಗಡಿಗೆ ಅಕ್ಕಿ ಬಂತು, ಅನ್ನ ಉಣ್ಣುವುದೇ ಅಂತಸ್ತಾಯಿತು. ಸುಳ್ಳೇನಲ್ಲ. ಆದರೆ ಇದೇ ಅಕ್ಕಿಯ ಎದುರು ರಾಗಿ ಹೇಗೆ ಉಳಿಯಿತು? ಮಂಡ್ಯ, ಹಾಸನ, ತುಮಕೂರಿನ ಕಡೆ ಮುದ್ದೆ ಮುರಿಯದೆ ಊಟವಾಯಿತು ಎನ್ನದ ಮನೆಗಳು ಇವತ್ತಿಗೂ ಬೇಕಾದಷ್ಟಿವೆ.

ಉತ್ತರ ಕಾಳಿನ ಮೈಮೇಲೇ ಇದೆ. ರಾಗಿಗೆ ಗಟ್ಟಿ ಸಿಪ್ಪೆಯಿಲ್ಲ. ಕಣದಲ್ಲಿ ರೋಣಗಲ್ಲು ಉರುಳಿಸಿ, ಗಾಳಿಗೆ ತೂರಿದರೆ ಕಾಳು ನೇರ ಬೀಸುಕಲ್ಲಿಗೆ. ಅದರ ಕೆಂಪು ಪೊರೆ ಒಳಗಿನ ಮೆತ್ತನೆಯ ತಿರುಳಿಗೆ ಅಂಟಿಕೊಂಡಿರುವುದರಿಂದ ಬಿಡಿಸುವುದು ಸುಲಭವಲ್ಲ. ಹೀಗಾಗಿ ರಾಗಿ ಉಂಡವರು ನಾರು, ಕ್ಯಾಲ್ಸಿಯಂ ಸಮೇತ ಇಡೀ ಕಾಳನ್ನೇ ಉಂಡರು. ಆಮೇಲೆ ಬಂದ ಹಿಟ್ಟಿನ ಗಿರಣಿ ಬೀಸುಕಲ್ಲಿನ ಕೆಲಸವನ್ನು ಹಾಗೆಹಾಗೇ ವಹಿಸಿಕೊಂಡಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ರೈತ ಕೈಬಿಡಲಿಲ್ಲ.

ಸಾಮೆ, ನವಣೆಗಳ ಪಾಡೇ ಬೇರೆ. ಒರಳಿಗೆ ಕಾಳು ಸುರಿದು ಇಬ್ಬರು ಎದುರುಬದುರು ನಿಂತು ಕುಟ್ಟಬೇಕು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಪೆಟ್ಟು ಜೋರಾದರೆ ನುಚ್ಚು, ಮೆಲ್ಲಗಾದರೆ ಸಿಪ್ಪೆ ಇದ್ದ ಹಾಗೇ. ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ಬಿಡದೆ ಉಳಿದ ಕಾಳನ್ನು ಮತ್ತೆ ಒರಳಿಗೆ ಹಾಕಬೇಕು. ಹಾರಕಕ್ಕಂತೂ ಪದರದ ಮೇಲೆ ಪದರ. ಅಷ್ಟೂ ಹೆಂಗಸರ ದುಡಿಮೆ, ಅದೂ ಹೊಲದಿಂದ ಬಂದ ಮೇಲೆ ಇಲ್ಲವೇ ಕೋಳಿ ಕೂಗುವ ಮುಂಚೆ. ಭತ್ತಕ್ಕೆ ಪೇಟೆಯಲ್ಲಿ ಮಿಲ್ಲು ಬಂತು. ಆದರೆ ಸಾಸಿವೆಯಷ್ಟು ಪುಟ್ಟದಾದ ಈ ಕಾಳುಗಳಿಗೆ ಆ ಯಂತ್ರ ಒಗ್ಗಲಿಲ್ಲ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಕೆ.ಜಿ.ಗೆ ಒಂದು ರೂಪಾಯಿಯಂತೆ ಸಿಗತೊಡಗುವ ಎಷ್ಟೋ ಮುಂಚೆಯೇ ಒನಕೆಗಳು ಅಟ್ಟ ಸೇರಿದ್ದವು. ಹಿರಿಯರ ಊಟ ಬಿಟ್ಟು ಕೆಟ್ಟೆವು ಎಂದು ವೇದಿಕೆಯ ಮೇಲೆ ಮರುಗುವವರು ಒಂದು ಸೇರು ಹಾರಕ ಕುಟ್ಟಿ ಆಮೇಲೆ ಮಾತಾಡಲಿ.

ಕಾಳುಗಳು ವಾಪಸಾದ ಕಥೆ ಎಲ್ಲರಿಗೂ ಗೊತ್ತಿರುವುದೇ. ಸಕ್ಕರೆ ಕಾಯಿಲೆಯ ಭಯ ನಗರದವರನ್ನು ಇತ್ತ ತಿರುಗಿಸಿತು. 2018ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ಸಾವಯವ ಮತ್ತು ಸಿರಿಧಾನ್ಯಗಳ ಅಂತರರಾಷ್ಟ್ರೀಯ ಮೇಳ ನಡೆಸಿತು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ. ಅದೇ ವರ್ಷ, ಊರೂರು ಸುತ್ತಿ ಈ ಕಾಳುಗಳ ಪ್ರಚಾರ ಮಾಡಿದ ಮೈಸೂರಿನ ಖಾದರ್ ಅವರಿಗೆ ಪದ್ಮಶ್ರೀ ಬಂತು. ಕಾಳೇ ಔಷಧಿ ಎಂಬಂಥ ಮಾತುಗಳನ್ನು ನಾನು ಒಪ್ಪುವುದಿಲ್ಲ. ಹಿತಮಿತವಾದ ಊಟದಲ್ಲಿ ಅವಕ್ಕೊಂದು ಜಾಗವಿದೆ, ಅಷ್ಟೇ. ಪಕ್ಕದಲ್ಲಿ ಬೇಳೆ, ಸೊಪ್ಪು, ಮಜ್ಜಿಗೆ ಇರಲೇಬೇಕು.

ನಿಜಕ್ಕೂ ದಾರಿ ಮಾಡಿಕೊಟ್ಟದ್ದು ಸಣ್ಣ ಯಂತ್ರ. ಒಳಗೆ ರಭಸದಿಂದ ತಿರುಗುವ ಚಕ್ರ ಕಾಳನ್ನು ಗೋಡೆಗೆ ಎಸೆಯುತ್ತದೆ, ಆ ಪೆಟ್ಟಿಗೆ ಸಿಪ್ಪೆ ಒಡೆಯುತ್ತದೆ, ಫ್ಯಾನಿನ ಗಾಳಿ ಹೊಟ್ಟನ್ನು ಹಾರಿಸುತ್ತದೆ. ಒನಕೆ ಮತ್ತು ಮೊರ ಎರಡರ ಕೆಲಸವೂ ಒಂದೇ ಪೆಟ್ಟಿಗೆಯಲ್ಲಿ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಗಟ್ಟಿ ಸಿಪ್ಪೆಯ ಕೆಳಗೆ ತೌಡಿನ ತೆಳುಪದರವಿದೆ, ನಾರು ಮತ್ತು ಜೀವಸತ್ವ ಹೆಚ್ಚಾಗಿ ಇರುವುದು ಅಲ್ಲೇ. ಅಲ್ಲೇ ಎಣ್ಣೆಯಂಶವೂ ಇರುವುದರಿಂದ ಸಿಪ್ಪೆ ಕಳಚಿದ ಕಾಳು ಬೇಗ ಕಮಟು ಹಿಡಿಯುತ್ತದೆ. ಅಂಗಡಿಯವನಿಗೆ ತಿಂಗಳುಗಟ್ಟಲೆ ಕೆಡದ ಸರಕು ಬೇಕು, ಗಿರಾಕಿಗೆ ಬೆಳ್ಳಗಿರಬೇಕು. ಹಾಗಾಗಿ ಕಾಳು ಇನ್ನೊಂದು ಸುತ್ತು ಪಾಲಿಶ್ ಆಗಿ, ಅಕ್ಕಿಗಿಂತ ದುಬಾರಿ ಬೆಲೆಗೆ, ಹೆಚ್ಚುಕಡಿಮೆ ಅಕ್ಕಿಯಂತೆಯೇ ಆಗಿ ಕೈಸೇರುತ್ತದೆ. ಹಳ್ಳಿಯವರು ಸಿಪ್ಪೆ ಸಮೇತ ವರ್ಷಗಟ್ಟಲೆ ಕೂಡಿಟ್ಟು, ಬೇಕಾದಷ್ಟನ್ನೇ ಆಗಾಗ ಕುಟ್ಟಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

ಕೊಳ್ಳುವಾಗ ಬಣ್ಣ ನೋಡಿ. ಪಾಲಿಶ್ ಆಗದ ನವಣೆ ಮಾಸಲು ಹಳದಿ, ಸಾಮೆಗೆ ಬೂದು ಛಾಯೆ. ಅಡುಗೆಗೆ ಮುಂಚೆ ಆರೇಳು ಗಂಟೆ ನೆನೆಯಲೇಬೇಕು, ಇಲ್ಲದಿದ್ದರೆ ಅನ್ನ ಗಡುಸಾಗಿ ಮಕ್ಕಳು ತಟ್ಟೆ ತಳ್ಳುತ್ತಾರೆ. ಪಾಲಿಶ್ ಆದದ್ದಕ್ಕೆ ಆ ರಗಳೆಯಿಲ್ಲ, ಬೇಗ ಬೇಯುತ್ತದೆ. ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದೂ ಅದೇ.