ನಿಮ್ಮ ಎರಡನೇ ಆಯ್ಕೆ ಯಾರು ಅಂತ ಯಾರೂ ಕೇಳಲ್ಲ!

ಒಂದು ಕ್ಷೇತ್ರ, ಮೂವರು ಗಟ್ಟಿ ಅಭ್ಯರ್ಥಿಗಳು. ಗೆದ್ದವರಿಗೆ ಬಿದ್ದ ಮತಕ್ಕಿಂತ ಉಳಿದವರಿಗೆ ಬಿದ್ದ ಮತಗಳೇ ಹೆಚ್ಚು. ಹಾಗಾದ್ರೆ ಆ ಕ್ಷೇತ್ರದ ಜನ ನಿಜವಾಗಿಯೂ ಆರಿಸಿದ್ದು ಯಾರನ್ನ?

ಇದು ಬರೀ ಪುಸ್ತಕದ ಪ್ರಶ್ನೆ ಅಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕ್ಷೇತ್ರಗಳ 2018ರ ವಿಧಾನಸಭಾ ಫಲಿತಾಂಶ ತೆಗೆದು ನೋಡಿ. ಇಂಡಿ ಮತ್ತು ಬಾಗೇವಾಡಿ ಕಾಂಗ್ರೆಸ್‌ಗೆ, ಸಿಂದಗಿ ಜೆಡಿಎಸ್‌ಗೆ, ಮುದ್ದೇಬಿಹಾಳ ಬಿಜೆಪಿಗೆ. ನಾಲ್ಕರಲ್ಲಿ ಒಂದು ಕಡೆಯೂ ಗೆದ್ದವರು ಅರ್ಧದಷ್ಟು ಮತ ದಾಟಲಿಲ್ಲ. ಬಾಗೇವಾಡಿಯಲ್ಲಿ ಗೆಲುವಿನ ಅಂತರ ಸುಮಾರು 3 ಸಾವಿರ, ಇಂಡಿಯಲ್ಲಿ ಸುಮಾರು 10 ಸಾವಿರ. ಎರಡೂ ಕಡೆ ಮೂರನೇ ಸ್ಥಾನಕ್ಕೆ ಬಂದವರ ಮತ ಈ ಅಂತರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಗೆದ್ದವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ನಿಯಮದ ಪ್ರಕಾರವೇ ಗೆದ್ದಿದ್ದಾರೆ. ನನ್ನ ತಕರಾರು ನಿಯಮದ ಜೊತೆ. ಮೂರನೆಯವರಿಗೆ ಓಟು ಹಾಕಿದ ಆ ಸಾವಿರಾರು ಜನರಿಗೆ ಉಳಿದಿಬ್ಬರಲ್ಲಿ ಯಾರು ಹಿತವಾಗಿದ್ದರು? ಯಾರೂ ಕೇಳಲಿಲ್ಲ. ಮತಯಂತ್ರದಲ್ಲಿ ಅದನ್ನು ಹೇಳೋಕೆ ಬಟನ್ನೇ ಇಲ್ಲ.

ಹಾಗಂತ ಈ ಪ್ರಶ್ನೆ ಕೇಳುವ ಚುನಾವಣೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೇರಿದ ವಾಯವ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತದಾರರು ಕಾಗದದ ಮತಪತ್ರದ ಮೇಲೆ 1, 2, 3 ಅಂತ ಅಂಕಿ ಬರೀತಾರೆ. ಅದಕ್ಕೆ ಪ್ರಾಶಸ್ತ್ಯದ ಮತ ಅಂತ ಹೆಸರು. ಮೊದಲ ಸುತ್ತಿನಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಹೊರಗಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಹಂಚ್ತಾರೆ. ರಾಷ್ಟ್ರಪತಿ ಚುನಾವಣೆಯೂ ಹೀಗೇ. 1969ರಲ್ಲಿ ವಿ.ವಿ. ಗಿರಿ ಗೆದ್ದಿದ್ದು ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ.

ಸರಿ, ಸಮಸ್ಯೆ ಮುಗೀತಾ? ಇಲ್ಲ. ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಊರು, 100 ಮತದಾರರು. ನಿಂಬೆ, ಜೋಳ, ತೊಗರಿ ಅಂತ ಮೂರು ಚಿಹ್ನೆ.

40 ಜನ: ಮೊದಲು ನಿಂಬೆ, ಆಮೇಲೆ ಜೋಳ, ಕೊನೆಗೆ ತೊಗರಿ.
35 ಜನ: ಮೊದಲು ತೊಗರಿ, ಆಮೇಲೆ ಜೋಳ, ಕೊನೆಗೆ ನಿಂಬೆ.
18 ಜನ: ಮೊದಲು ಜೋಳ, ಆಮೇಲೆ ತೊಗರಿ, ಕೊನೆಗೆ ನಿಂಬೆ.
7 ಜನ: ಮೊದಲು ಜೋಳ, ಆಮೇಲೆ ನಿಂಬೆ, ಕೊನೆಗೆ ತೊಗರಿ.

ಈಗಿನ ವಿಧಾನಸಭಾ ಪದ್ಧತಿಯಲ್ಲಿ 40 ಮತ ಪಡೆದ ನಿಂಬೆ ಗೆದ್ದ ಹಾಗೆ. ಪದವೀಧರ ಕ್ಷೇತ್ರದ ಪದ್ಧತಿ ತನ್ನಿ. 25 ಮತದ ಜೋಳ ಔಟ್. ಅದರ 18 ಮತ ತೊಗರಿಗೆ, 7 ನಿಂಬೆಗೆ. ತೊಗರಿ 53, ನಿಂಬೆ 47. ಗೆದ್ದಿದ್ದು ತೊಗರಿ.

ಈಗ ಮೂರನೇ ದಾರಿ. ಜಾತ್ರೆಯ ಕುಸ್ತಿ ಅಖಾಡ ನೆನಪಿಸಿಕೊಳ್ಳಿ. ಇಬ್ಬಿಬ್ಬರನ್ನೇ ಕಣಕ್ಕಿಳಿಸಿ, ಎಲ್ಲ ಜೋಡಿಗಳನ್ನೂ ಆಡಿಸೋಣ. ಜೋಳ ಮತ್ತು ನಿಂಬೆ ಎದುರಾದರೆ ಜೋಳಕ್ಕೆ 60, ನಿಂಬೆಗೆ 40. ಜೋಳ ಮತ್ತು ತೊಗರಿ ಎದುರಾದರೆ ಜೋಳಕ್ಕೆ 65, ತೊಗರಿಗೆ 35. ಅಂದರೆ ಯಾರೇ ಎದುರು ನಿಂತರೂ ಜೋಳ ಸೋಲೋದೇ ಇಲ್ಲ! ಆದರೆ ಮೊದಲೆರಡು ಪದ್ಧತಿಯಲ್ಲಿ ಅದಕ್ಕೆ ಸಿಕ್ಕಿದ್ದು ಮೂರನೇ ಸ್ಥಾನ. ಅವೇ 100 ಜನ, ಅದೇ ಮನಸ್ಸು. ಎಣಿಸುವ ರೀತಿ ಬದಲಾಯ್ತು, ಗೆದ್ದವರೂ ಬದಲಾದರು.

ಈ ಜೋಡಿ ಹೋಲಿಕೆಯ ಲೆಕ್ಕವನ್ನು 1785ರಲ್ಲಿ ವಿವರವಾಗಿ ಬರೆದವನು ಫ್ರಾನ್ಸ್‌ನ ಗಣಿತಜ್ಞ ಕಾಂಡೋರ್ಸೆ. ಹಾಗಾಗಿ ಎಲ್ಲರನ್ನೂ ಒಬ್ಬೊಬ್ಬರಾಗಿ ಸೋಲಿಸುವವರಿಗೆ 'ಕಾಂಡೋರ್ಸೆ ವಿಜೇತ' ಅಂತಾರೆ. ನಮ್ಮ ಲೆಕ್ಕದಂಥದ್ದು ನಿಜವಾಗಿ ನಡೆದೂ ಇದೆ. ಅಮೆರಿಕದ ಬರ್ಲಿಂಗ್ಟನ್ ನಗರದಲ್ಲಿ 2009ರ ಮೇಯರ್ ಚುನಾವಣೆಗೆ ಕೊನೆಯವರನ್ನು ಹೊರಗಿಡುತ್ತಾ ಹೋಗುವ ಪದ್ಧತಿ ಇತ್ತು. ಗೆದ್ದವರು ಬಾಬ್ ಕಿಸ್. ಆದರೆ ಮತಪತ್ರಗಳನ್ನು ಜೋಡಿಜೋಡಿಯಾಗಿ ಎಣಿಸಿದರೆ, ಮೂರನೇ ಸ್ಥಾನದಲ್ಲಿ ಹೊರಬಿದ್ದ ಆಂಡಿ ಮಾಂಟ್ರೋಲ್ ಉಳಿದವರೆಲ್ಲರನ್ನೂ ಸೋಲಿಸುತ್ತಿದ್ದರು. ಮರುವರ್ಷವೇ ಜನ ಆ ಪದ್ಧತಿಯನ್ನು ರದ್ದು ಮಾಡಿದರು.

ಜೋಡಿ ಹೋಲಿಕೆಯಲ್ಲಿ ತೊಡಕಿಲ್ಲವಾ? ಇದೆ. ಕೆಲವೊಮ್ಮೆ ನಿಂಬೆ ಜೋಳವನ್ನ, ಜೋಳ ತೊಗರಿಯನ್ನ, ತೊಗರಿ ಮತ್ತೆ ನಿಂಬೆಯನ್ನ ಸೋಲಿಸಿ ಸುತ್ತು ಹೊಡೆಯುವ ಸ್ಥಿತಿ ಬರಬಹುದು. ಇದನ್ನೂ ಗುರುತಿಸಿದ್ದು ಕಾಂಡೋರ್ಸೆಯೇ. ಆಗ ಅತಿ ಕಡಿಮೆ ಅಂತರದ ಗೆಲುವನ್ನು ಬದಿಗಿಟ್ಟು ತೀರ್ಮಾನಿಸುವಂಥ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎಣಿಕೆಯ ಕೆಲಸವೂ ಹೆಚ್ಚು. 10 ಅಭ್ಯರ್ಥಿಗಳಿದ್ದರೆ 45 ಜೋಡಿ. ಕಂಪ್ಯೂಟರ್‌ಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಎಣಿಕೆ ಕೇಂದ್ರದಲ್ಲಿ ಕೂತ ಏಜೆಂಟರಿಗೂ, ಊರಿನ ಮತದಾರನಿಗೂ ಅದು ಅರ್ಥವಾಗಬೇಕು, ನಂಬಿಕೆ ಬರಬೇಕು. ಅದು ಸಣ್ಣ ಮಾತಲ್ಲ.

ಆದರೂ ಲಾಭ ಏನು ನೋಡಿ. ಓಟು ಒಡೆಯೋಕೆ ಅಂತಲೇ ಒಬ್ಬರನ್ನು ನಿಲ್ಲಿಸುವ ತಂತ್ರ ಬಹುಮಟ್ಟಿಗೆ ಕೆಲಸಕ್ಕೆ ಬರಲ್ಲ. 'ಅವರಿಗೆ ಹಾಕಿದ್ರೆ ನಿಮ್ಮ ಓಟು ವೇಸ್ಟ್' ಅನ್ನೋ ಹೆದರಿಕೆ ಕಡಿಮೆ ಆಗುತ್ತೆ. ತನ್ನ ಜಾತಿ, ತನ್ನ ಓಣಿಯ ಮತ ಗಟ್ಟಿ ಮಾಡಿಕೊಂಡರೆ ಸಾಕು ಅನ್ನೋ ಅಭ್ಯರ್ಥಿ ಪಕ್ಕದ ಓಣಿಗೂ ಹೋಗಿ ಕೈ ಮುಗಿಯಬೇಕಾಗುತ್ತೆ. ಯಾಕಂದ್ರೆ ಅಲ್ಲಿಯವರ ಎರಡನೇ ಆಯ್ಕೆ ಆಗೋದಕ್ಕೂ ಬೆಲೆ ಇರುತ್ತೆ.

ವಿಧಾನಸಭೆಗೆ ಇದು ಬರಬೇಕಾದರೆ ಕಾನೂನು ಬದಲಾಗಬೇಕು, ಮತಯಂತ್ರ ಬದಲಾಗಬೇಕು. ನಾಳೆಯೇ ಆಗುವ ಮಾತಲ್ಲ. ಆದರೆ ಕಾಲೇಜಿನ ಸಂಘ, ಯುವಕ ಮಂಡಳ, ಗೆಳೆಯರ ಬಳಗ, ಇಲ್ಲೆಲ್ಲ ಅಧ್ಯಕ್ಷರನ್ನು ಆರಿಸುವಾಗ ಒಂದು ಚೀಟಿ, ಮೂರು ಹೆಸರು ಕೊಟ್ಟು 1, 2, 3 ಬರೆಸಿ ನೋಡಿ. ಜೋಡಿಜೋಡಿಯಾಗಿ ಎಣಿಸಿ. ಕೈ ಎತ್ತಿಸಿದಾಗ ಮೂರನೆಯವನಾಗಿ ಉಳಿದಿದ್ದ ಹುಡುಗನೇ ಎಲ್ಲರಿಗೂ ಒಪ್ಪಿಗೆಯಾದವನು ಅಂತ ಗೊತ್ತಾದರೂ ಆಶ್ಚರ್ಯ ಇಲ್ಲ.