ಚಾರ್ಜಿಂಗ್ ಪೋರ್ಟಿಗೆ ಬಿಸಿಗಾಳಿಯ ಮದ್ದು

ಕೇಬಲ್ ಚುಚ್ಚಿ, ಓರೆಯಾಗಿಸಿ, ಮೇಲೊಂದು ಪುಸ್ತಕ ಹೇರಿದರೆ ಮಾತ್ರ ಚಾರ್ಜ್ ಆಗುವ ಫೋನು ಎಷ್ಟೋ ಮನೆಗಳಲ್ಲಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದವರೆಗಿನ ರಿಪೇರಿ ಅಂಗಡಿಗಳಿಗೆ ಇದು ಹಳೆಯ ಕಾಯಿಲೆ. ಅನುಭವಿ ಮೆಕ್ಯಾನಿಕ್ ಮೊದಲು ಪೋರ್ಟಿನ ಕಸ ಕೆದಕುತ್ತಾನೆ. ಜೇಬಿನ ನೂಲು, ದೂಳು ಹೊರಬಂದೊಡನೆ ಎಷ್ಟೋ ಫೋನುಗಳು ಗುಣವಾಗುತ್ತವೆ.

ಗುಣವಾಗದಿದ್ದರೆ ಪೋರ್ಟ್ ಬದಲಿಸಬೇಕು. ಕೆಲವು ಫೋನುಗಳಲ್ಲಿ ಅದು ಪುಟ್ಟ ಉಪಬೋರ್ಡಿನ ಮೇಲಿರುತ್ತದೆ, ಬೋರ್ಡನ್ನೇ ಬದಲಿಸಿದರಾಯಿತು. ಬೋರ್ಡ್ ಸಿಗದಿದ್ದರೆ ಕಷ್ಟದ ಕೆಲಸ ಶುರು.

2014ರಲ್ಲಿ ಬಂದ ಯುಎಸ್‌ಬಿ ಟೈಪ್-ಸಿ ಪೋರ್ಟಿನ ಬಾಯಿ ಒಂದು ಸೆಂಟಿಮೀಟರಿಗಿಂತ ಕಿರಿದು. ಪೂರ್ಣ ರೂಪದಲ್ಲಿ ಅದಕ್ಕೆ 24 ಪಿನ್ನುಗಳು, ಜೊತೆಗೆ ಬೋರ್ಡಿಗೆ ಕಚ್ಚಿಕೊಂಡ ಲೋಹದ ಕಾಲುಗಳು. ಸೋಲ್ಡರಿಂಗ್ ಐರನ್ನಿನಿಂದ ಒಂದು ಕಾಲಿನ ಬೆಸುಗೆ ಕರಗಿಸುವಷ್ಟರಲ್ಲಿ ಇನ್ನೊಂದು ಗಟ್ಟಿಯಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಕರಗಿಸಲು ಬಿಸಿಗಾಳಿಯೇ ಬೇಕು. ಅದನ್ನು ಊದುವ ಯಂತ್ರಕ್ಕೆ ಅಂಗಡಿಯವರು ಬ್ಲೋವರ್ ಅನ್ನುತ್ತಾರೆ.

ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿತ್ತು. 2006ರ ಜುಲೈನಿಂದ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ತವರ, ಬೆಳ್ಳಿ, ತಾಮ್ರದ ಮಿಶ್ರಣ ಬಳಕೆಗೆ ಬಂತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಬೋರ್ಡಿನೊಳಗಿನ ತಾಮ್ರದ ಪದರಗಳು ಶಾಖವನ್ನು ಹೀರಿ ಹರಡಿಬಿಡುವುದರಿಂದ ಬ್ಲೋವರನ್ನು 350 ಡಿಗ್ರಿಯ ಆಸುಪಾಸಿಗೆ ಏರಿಸುವುದುಂಟು. ಹಳೆ ಬೆಸುಗೆಗೆ ಸೀಸದ್ದನ್ನು ಬೆರೆಸಿ ಬೇಗ ಕರಗುವಂತೆ ಮಾಡುವ ಉಪಾಯವೂ ಇದೆ.

ಬ್ಯಾಟರಿ ಮೊದಲೇ ಹೊರಗೆ. ಅಕ್ಕಪಕ್ಕದ ಬಿಡಿಭಾಗಗಳಿಗೆ ಶಾಖ ತಡೆಯುವ ಟೇಪು, ಬೆಸುಗೆಗೆ ಫ್ಲಕ್ಸ್ ಪೇಸ್ಟು. ಗಾಳಿ ಸುತ್ತ ಸುತ್ತುತ್ತಿದ್ದಂತೆ ಬೆಸುಗೆ ಹೊಳೆಯುತ್ತದೆ. ಚಿಮುಟದಿಂದ ಮೆಲ್ಲನೆ ತಳ್ಳಿದಾಗ ಪೋರ್ಟ್ ಕದಲಿದರೆ ಎತ್ತಬಹುದು. ಕದಲುವ ಮೊದಲೇ ಎಳೆದರೆ ಬೋರ್ಡಿನ ಮೇಲಿನ ತಾಮ್ರದ ಪ್ಯಾಡುಗಳೇ ಕಿತ್ತು ಬರುತ್ತವೆ. ಆಮೇಲೆ ಕೂದಲೆಳೆಯಂಥ ತಂತಿಯಿಂದ ಒಂದೊಂದೇ ದಾರಿ ಜೋಡಿಸುತ್ತ ಕೂರಬೇಕು.

ತೆಗೆಯುವುದಕ್ಕಿಂತ ಕೂರಿಸುವುದು ನಾಜೂಕು. ಹಳೆಯ ಪೋರ್ಟಿನ ಪ್ಲಾಸ್ಟಿಕ್ ನಾಲಗೆ ಸುಟ್ಟರೆ ಯಾರೂ ಅಳುವುದಿಲ್ಲ. ಹೊಸದರದ್ದು ಸೊಟ್ಟಗಾದರೆ ಕೇಬಲ್ಲೇ ಒಳಹೋಗದು. ಹಾಗಾಗಿ ಸಾಧ್ಯವಿದ್ದ ಕಡೆ ಬೋರ್ಡಿನ ಹಿಂಬದಿಯಿಂದ ಗಾಳಿ ಕೊಡುತ್ತಾರೆ. ಪ್ಯಾಡುಗಳನ್ನು ಮೊದಲೇ ಒರೆಸಿ, ತೆಳುವಾಗಿ ಬೆಸುಗೆ ಹಚ್ಚಿರುತ್ತಾರೆ. ಅದು ಕರಗಿದಾಗ ಮೇಲ್ಮೈ ಸೆಳೆತ ಪಿನ್ನುಗಳನ್ನು ತಂತಮ್ಮ ಜಾಗಕ್ಕೆ ಎಳೆದುಕೊಳ್ಳುತ್ತದೆ.

ಆರಿದ ಮೇಲೆ ಮೈಕ್ರೋಸ್ಕೋಪಿನಡಿ ಪಿನ್ನುಗಳು ಒಂದಕ್ಕೊಂದು ಅಂಟಿವೆಯೇ ಎಂಬ ತಪಾಸಣೆ, ಮಲ್ಟಿಮೀಟರಿನಲ್ಲಿ ಶಾರ್ಟ್ ಪರೀಕ್ಷೆ. ಕೊನೆಗೆ ಕೇಬಲ್ಲನ್ನು ಎರಡೂ ಮಗ್ಗುಲಲ್ಲಿ ಚುಚ್ಚಿ ನೋಡಬೇಕು. ಕೇಬಲ್ ಯಾವ ಮಗ್ಗುಲಲ್ಲಿದೆಯೆಂದು ಗುರುತಿಸಲು ಟೈಪ್-ಸಿಯಲ್ಲಿ ಎರಡು ಪಿನ್ನುಗಳಿವೆ. ಒಂದೇ ಮಗ್ಗುಲಲ್ಲಿ ಚಾರ್ಜ್ ಆದರೆ ಅವುಗಳಲ್ಲೊಂದಕ್ಕೆ ಬೆಸುಗೆ ಹತ್ತಿಲ್ಲವೆಂಬ ಅನುಮಾನ. ಬೋರ್ಡ್ ಮತ್ತೆ ಮೈಕ್ರೋಸ್ಕೋಪಿನಡಿಗೆ.