ಅಡಿಕೆ ಕೋಣೆಗೆ ಎಂತಹ ಬೀಗ?

ಅಡಿಕೆಯನ್ನು ಅಂಗಳದಲ್ಲಿ ನಲವತ್ತು ದಿನ ಒಣಗಿಸಿ, ಸುಲಿಸಿ, ಗೋಣಿಗೆ ತುಂಬಿ ಕೋಣೆಗೆ ಸೇರಿಸುವಲ್ಲಿಗೆ ಕೃಷಿಕನ ವರ್ಷದ ದುಡಿಮೆಯೆಲ್ಲ ಒಂದು ಬಾಗಿಲಿನ ಹಿಂದೆ ಬಂದು ನಿಲ್ಲುತ್ತದೆ. ಹಳೆಯ ಅಡಿಕೆಗೆ ಹೆಚ್ಚು ಧಾರಣೆ ದೊರೆಯುವುದರಿಂದ ನಮ್ಮ ಕಾಸರಗೋಡು ಕಡೆಯ ಅನೇಕರು ಅದನ್ನು ವರ್ಷ ದಾಟಿಸಿ ಇಡುವುದೂ ಉಂಟು. ಕರಿಮೆಣಸಿನ ಮೂಟೆಗಳೂ ಅದೇ ಕೋಣೆಯಲ್ಲಿರುತ್ತವೆ. ಇಷ್ಟು ಬೆಲೆಬಾಳುವ ಮಾಲಿನ ಕಾವಲಿಗೆ ಬೀಗ ಕೊಳ್ಳುವಾಗ ಮಾತ್ರ ನಾವು ಕೈಯಲ್ಲಿ ತೂಗಿ ನೋಡಿ, ಭಾರವಿದ್ದರೆ ಸಾಕೆಂದು ತೃಪ್ತರಾಗುತ್ತೇವೆ. ಬೀಗದ ಬಲವನ್ನು ಅಳೆಯಲು ಕ್ರಮವಾದ ಪರೀಕ್ಷೆಗಳಿವೆ. ಅವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಲಿವರಿನ ಲೆಕ್ಕ

ಪೇಟೆಯ ಬೀಗಗಳ ಮೇಲೆ 6 ಲಿವರ್, 7 ಲಿವರ್, 8 ಲಿವರ್ ಎಂದು ಅಚ್ಚಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಲಿವರ್ ಎಂದರೆ ಬೀಗದ ಹೊಟ್ಟೆಯೊಳಗಿನ ತೆಳ್ಳನೆಯ ಲೋಹದ ತಗಡು. ಸರಿಯಾದ ಬೀಗದಕೈ ಈ ತಗಡುಗಳನ್ನೆಲ್ಲ ತಕ್ಕಷ್ಟು ಎತ್ತರಕ್ಕೆ ಎತ್ತಿದರೆ ಮಾತ್ರ ಬೀಗ ತೆರೆಯುತ್ತದೆ. ಲಿವರ್ ಹೆಚ್ಚಿದಷ್ಟೂ ಇನ್ನೊಬ್ಬರ ಬೀಗದಕೈ ನಮ್ಮ ಬೀಗಕ್ಕೆ ಹೊಂದುವ ಸಂಭವ ಕಡಿಮೆ. ಆದರೆ ಕಳ್ಳನು ಹಾರೆಕೋಲನ್ನೋ ಹ್ಯಾಕ್ಸಾ ಬ್ಲೇಡನ್ನೋ ಹಿಡಿದು ಬಂದರೆ ಈ ಸಂಖ್ಯೆಯಿಂದ ಪ್ರಯೋಜನವಿಲ್ಲ. ಲಿವರಿನ ಲೆಕ್ಕ ಬೇರೆ, ಬಲದ ದರ್ಜೆ ಬೇರೆ.

ದರ್ಜೆ ಎಂದರೇನು?

ಯೂರೋಪಿನ ದೇಶಗಳಲ್ಲಿ ಬೀಗಗಳಿಗೆ ಇ.ಎನ್. 12320 ಎಂಬ ಮಾನಕವಿದ್ದು, ಅದರಲ್ಲಿ 1ರಿಂದ 6ರವರೆಗೆ ಭದ್ರತೆಯ ದರ್ಜೆಗಳಿವೆ. ಬೀಗದ ಕೊಂಡಿಯನ್ನು ಯಂತ್ರದಿಂದ ಎಳೆದು, ತಿರುಚಿ, ಕತ್ತರಿಸಿ ನೋಡುತ್ತಾರೆ. ಎಳೆತವೊಂದನ್ನೇ ಹೇಳುವುದಾದರೆ 1ನೆಯ ದರ್ಜೆಯ ಬೀಗ ಸುಮಾರು 300 ಕಿಲೋ ಭಾರದಷ್ಟನ್ನು ತಡೆಯಬೇಕು, 3ನೆಯದು ಒಂದೂವರೆ ಟನ್ನಿನಷ್ಟನ್ನು, 6ನೆಯದು ಹತ್ತು ಟನ್ನಿನಷ್ಟನ್ನು. ಉಳಿದ ಪರೀಕ್ಷೆಗಳಲ್ಲಿ ಗೆದ್ದು ಒಂದರಲ್ಲಿ ಸೋತರೂ ಬೀಗಕ್ಕೆ ಆ ದರ್ಜೆ ದೊರೆಯದು.

ಬ್ರಿಟನ್ನಿನ ‘ಸೋಲ್ಡ್ ಸೆಕ್ಯೂರ್’ ಸಂಸ್ಥೆಯವರು ಕಳ್ಳರು ಬಳಸುವಂತಹ ಹತಾರಗಳಿಂದಲೇ ಬೀಗವನ್ನು ಮುರಿಯಲು ಯತ್ನಿಸಿ, ಅದು ಎಷ್ಟು ಹೊತ್ತು ತಡೆಯಿತೆಂದು ನೋಡಿ ಕಂಚು, ಬೆಳ್ಳಿ, ಚಿನ್ನ ಮೊದಲಾದ ಮಟ್ಟಗಳನ್ನು ಕೊಡುತ್ತಾರೆ. ಇವಲ್ಲದೆ ಕೆಲವು ಕಂಪನಿಗಳು ತಮ್ಮ ಮಾಲಿಗೆ ತಾವೇ ಅಂಕೆ ಹಾಕಿಕೊಳ್ಳುವುದುಂಟು. ಅದು ಆ ಕಂಪನಿಯ ಬೀಗಗಳನ್ನು ತಮ್ಮತಮ್ಮಲ್ಲಿ ಹೋಲಿಸಲಷ್ಟೇ ಉಪಯುಕ್ತ. ಒಬ್ಬರ 8ನ್ನು ಇನ್ನೊಬ್ಬರ 6ರೊಡನೆ ತೂಗಬಾರದು.

ನಮ್ಮ ದೇಶದಲ್ಲಿ ಬೀಗಗಳಿಗೆ ಐ.ಎಸ್. 275 ಎಂಬ ಮಾನಕವಿದೆ. ಐ.ಎಸ್.ಐ. ಗುರುತು ಇದ್ದರೆ ಅದರ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಎರಡೂ ಇರತಕ್ಕದ್ದು. ನೆರೆಯ ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದು ಊರಿಗೂ ಅಲ್ಲಿನ ಕೈಕೆಲಸಕ್ಕೂ ಸಂದ ಮನ್ನಣೆಯೇ ಹೊರತು ಬಲದ ದರ್ಜೆಯಲ್ಲ.

ತುಕ್ಕಿನ ಪರೀಕ್ಷೆ

ಕರಾವಳಿಯವರಾದ ನಾವು ಇನ್ನೊಂದು ಅಂಕೆಗೂ ಲಕ್ಷ್ಯ ಕೊಡಬೇಕು. ಉಪ್ಪುನೀರಿನ ತುಂತುರಿನಲ್ಲಿ ಬೀಗವನ್ನಿಟ್ಟು ತುಕ್ಕನ್ನು ಪರೀಕ್ಷಿಸುತ್ತಾರೆ. ಕೆಳಗಿನ ದರ್ಜೆಗೆ 24 ತಾಸು, 4ನೆಯದಕ್ಕೆ 240 ತಾಸು. ಈ ಅಂಕೆ ಭದ್ರತೆಯ ಅಂಕೆಗಿಂತ ಬೇರೆ. ಬಹಳ ಬಲವಾದ ಬೀಗವೂ ಮಳೆಗಾಲ ಕಳೆಯುವಷ್ಟರಲ್ಲಿ ಜಾಮಾದೀತು. ತೋಟದ ಪಂಪ್ ಶೆಡ್ಡಿನಂತಹ ತೆರೆದ ಜಾಗಕ್ಕೆ ತುಕ್ಕು ತಡೆಯುವ ಬೀಗವೇ ಮುಖ್ಯ. ಅಡಿಕೆ ಕೋಣೆಗೆ 3ನೆಯ ಅಥವಾ ಅದಕ್ಕೂ ಮೇಲಿನ ದರ್ಜೆಯದು ಸಿಕ್ಕಿದರೆ ಲೇಸೆಂಬುದು ನಮ್ಮ ಅಭಿಪ್ರಾಯ.

ದರ್ಜೆ ಅಚ್ಚಾಗಿಲ್ಲದಿದ್ದರೆ

ನಮ್ಮ ಅಂಗಡಿಗಳಲ್ಲಿ ಯಾವ ದರ್ಜೆಯೂ ಅಚ್ಚಾಗಿರದ ಬೀಗಗಳೇ ಹೆಚ್ಚು. ಆಗ ಕೊಂಡಿಯ ಮೇಲೆ ‘ಹಾರ್ಡನ್ಡ್’ ಎಂದಿದೆಯೇ ನೋಡಿರಿ. ಹದಕೊಟ್ಟು ಗಟ್ಟಿಮಾಡಿದ ಉಕ್ಕಿನ ಮೇಲೆ ಅರ ಹಿಡಿಯದೆ ಜಾರುತ್ತದೆ. ಕೊಂಡಿ ದಪ್ಪವಿರಲಿ. ಬೀಗ ಹಾಕಿದ ಮೇಲೆ ಹಾರೆಕೋಲು ತೂರಿಸಲು ಸಂದು ಉಳಿಯದಂತಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಚಿಲಕ. ಹತ್ತು ಟನ್ ತಡೆಯುವ ಬೀಗವನ್ನು ನಾಲ್ಕು ಸಣ್ಣ ಸ್ಕ್ರೂಗಳ ಚಿಲಕಕ್ಕೆ ಹಾಕಿದರೆ, ಬೀಗ ಹಾಗೆಯೇ ಇದ್ದು ಚಿಲಕ ಕಿತ್ತು ಬರುತ್ತದೆ. ಬಾಗಿಲಿನ ಆಚೆಯವರೆಗೆ ಬೋಲ್ಟು ಹಾಯಿಸಿ ಒಳಗಿನಿಂದ ನಟ್ಟು ಬಿಗಿಸಬೇಕು. ಬೀಗ ಹಾಕಿದಾಗ ಬೋಲ್ಟಿನ ತಲೆಗಳು ಚಿಲಕದ ಪಟ್ಟಿಯ ಅಡಿಯಲ್ಲಿ ಮರೆಯಾಗಬೇಕು. ಹಳೆಯ ಬಾಗಿಲಾದರೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುವುದನ್ನು ಮರೆಯಬಾರದು.

ಯಾವ ಬೀಗವೂ ಕಳ್ಳನನ್ನು ಶಾಶ್ವತವಾಗಿ ತಡೆಯಲಾರದು. ಮನೆಯವರಿಗೋ ನೆರೆಯವರಿಗೋ ಎಚ್ಚರವಾಗುವಷ್ಟು ಹೊತ್ತು ತಡೆದರೆ ಅದರ ಕೆಲಸವಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗದೆ, ಈ ಸಲದ ಅಡಿಕೆ ಕೋಣೆ ಸೇರುವ ಮೊದಲೇ ಕೃಷಿಕರು ತಮ್ಮ ಬೀಗವನ್ನೂ ಚಿಲಕವನ್ನೂ ಒಮ್ಮೆ ಪರೀಕ್ಷಿಸಿ ನೋಡುವರೆಂದು ಆಶಿಸುತ್ತೇವೆ.